ಕೆಂಪು ದೋಣಿಗೆ ನಾನು ಬೇಡ ಎಂದೆ

ಅತ್ತಿಗೆ ಫೋನ್ ಮಾಡಿದ್ದು ಒಂದು ಶುಕ್ರವಾರ ಮಧ್ಯಾಹ್ನ, ನಾನು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ. ಎರಡು ಸಾವಿರದ ಆಚೀಚಿನ ವರ್ಷಗಳು ಅವು. ನನ್ನ ಹತ್ತಿರ ಇನ್ನೂ ಮೊಬೈಲ್ ಇರಲಿಲ್ಲ. ಗೇಟಿನ ಫೋನಿಗೆ ಕರೆ ಬಂದರೆ ವಾಚ್‌ಮನ್ ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಮನೆಯಿಂದ ಕರೆ ಎಂದರೆ ಒಳ್ಳೆಯ ಸುದ್ದಿ ಆಗಿರುವುದಿಲ್ಲ ಎಂದುಕೊಂಡು ಕೈ ತೊಳೆದು ಓಡಿದೆ.

"ನಿನ್ನ ಅಣ್ಣ ದೋಣಿ ತೆಗೊಳ್ತಾರಂತೆ," ಎಂದರು ಅತ್ತಿಗೆ.

"ದೋಣಿಯಾ? ಸೂರತ್ತಿನಲ್ಲಿ?"

"ಜೆಟ್ ಬೋಟಂತೆ. ಸೆಕೆಂಡ್ ಹ್ಯಾಂಡ್. ಅದರೊಳಗೆ ಪಂಪ್ ಇರ್ತದಂತೆ. ಪಂಪ್ ಅಂದ ಕೂಡ್ಲೇ ನನಗೆ ನಿನ್ನ ನೆನಪಾಯ್ತು. ಭಾನುವಾರ ಬಾ ಮಾರಾಯ್ತಿ. ನಾನು ಕರೆದದ್ದು ಅಂತ ಮಾತ್ರ ಹೇಳ್ಬೇಡ."

ನಮ್ಮದು ಉಡುಪಿಯ ಕಡೆ. ಅಣ್ಣ ಮೀಸೆ ಮೂಡುವ ಮೊದಲೇ ಸೂರತ್ತಿಗೆ ಬಂದು, ಬೇರೆಯವರ ಹೋಟೆಲಿನಲ್ಲಿ ವರ್ಷಗಟ್ಟಲೆ ದೋಸೆಕಲ್ಲಿನ ಮುಂದೆ ನಿಂತು, ಕೊನೆಗೆ ತಾಪಿ ನದಿಗೆ ಹತ್ತಿರದ ಒಂದು ತಗ್ಗು ಬೀದಿಯಲ್ಲಿ ತನ್ನದೇ ಸಣ್ಣ ಹೋಟೆಲು ಹಾಕಿದ್ದ. ಅಪ್ಪ ತೀರಿಕೊಂಡ ಮೇಲೆ ನಾನು ಅವನ ಮನೆಗೆ ಬಂದೆ. ಬಂದವಳ ಕೈಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಇತ್ತು; ಇಡೀ ತರಗತಿಗೆ ನಾನೊಬ್ಬಳೇ ಹುಡುಗಿ. ಅಣ್ಣ ಅದನ್ನು ನೋಡಿ, "ಒಳ್ಳೇದಾಯ್ತು, ಜೋಪಾನವಾಗಿ ಇಡು," ಎಂದು ಹೇಳಿ ನನ್ನನ್ನು ಟೋಕನ್ ಕೊಡುವ ಕುರ್ಚಿಯಲ್ಲಿ ಕೂರಿಸಿದ. ಮೂರು ತಿಂಗಳು ಕೂತೆ. ನಾಲ್ಕನೆಯ ತಿಂಗಳು ಅವನಿಗೆ ಹೇಳದೆ ವಡೋದರಾದ ಮಕರಪುರಾದಲ್ಲಿ ಒಂದು ಪಂಪ್ ಫ್ಯಾಕ್ಟರಿಗೆ ಅರ್ಜಿ ಹಾಕಿ ಕೆಲಸ ಹಿಡಿದೆ. ಹತ್ತಿರದ ಮಂಜಲ್‌ಪುರದಲ್ಲಿ ಇಬ್ಬರು ಟೀಚರುಗಳ ಜೊತೆ ಸೇರಿ ಎರಡು ಕೋಣೆಯ ಮನೆ ಮಾಡಿದೆ. "ಹೋಗುವುದಾದ್ರೆ ಹೋಗು, ವಾಪಸ್ ಬರುವಾಗ ಅಳ್ತಾ ಬರ್ಬೇಡ," ಎಂದಿದ್ದ ಅಣ್ಣ. ನಾನು ವಾಪಸ್ಸೂ ಹೋಗಲಿಲ್ಲ, ಅಳಲೂ ಇಲ್ಲ.

ಫ್ಯಾಕ್ಟರಿಯಲ್ಲೂ ಮೊದಮೊದಲು ನನ್ನನ್ನು ಫ್ಯಾನಿನ ಕೆಳಗೆ, ಕಾಗದಗಳ ನಡುವೆ ಕೂರಿಸಲು ನೋಡಿದರು. ನಾನು ದಿನಾ ಬೆಳಿಗ್ಗೆ ಟೆಸ್ಟಿಂಗ್ ಶೆಡ್ಡಿಗೇ ಹೋಗಿ ನಿಂತೆ. ಅಲ್ಲಿಂದ ಕಳಿಸಿದರೆ ಮರುದಿನ ಮತ್ತೆ ಹೋಗಿ ನಿಂತೆ. ಕೊನೆಗೆ ಕಳಿಸುವವರಿಗೇ ಬೇಸರ ಬಂತು. ಅತ್ತಿಗೆ ಫೋನ್ ಮಾಡುವ ಹೊತ್ತಿಗೆ ನಾನು ಏಳು ವರ್ಷಗಳಿಂದ ಪಂಪುಗಳನ್ನು ಬಿಚ್ಚಿ ನೋಡಿ ಪಾಸು, ಫೇಲು ಎಂದು ಹೇಳುವ ಕೆಲಸದಲ್ಲಿದ್ದೆ.

ಅಣ್ಣನಿಗೆ ದೋಣಿಯ ಹುಚ್ಚು ಹಿಡಿದದ್ದಕ್ಕೆ ಕಾರಣ ಇತ್ತು. ಅದಕ್ಕೆ ಕೆಲವು ವರ್ಷ ಹಿಂದೆ ಒಂದು ಮಳೆಗಾಲದಲ್ಲಿ ತಾಪಿ ಉಕ್ಕಿ ಅವನ ಬೀದಿಗೆ ನುಗ್ಗಿತ್ತು. ಹೋಟೆಲು ಮುಳುಗಿತು. ಅಣ್ಣ, ಅತ್ತಿಗೆ, ಕೆಲಸದವರು ಎಲ್ಲ ಮಹಡಿಯ ಮೇಲೆ ಎರಡು ದಿನ ಕೂತಿದ್ದರು. ಪಕ್ಕದ ಕಟ್ಟಡದಲ್ಲಿ ಒಬ್ಬ ಬಸುರಿಗೆ ನೋವು ಶುರುವಾಗಿತ್ತಂತೆ. ಕರೆದುಕೊಂಡು ಹೋಗಲು ಒಂದು ಮೋಟರ್ ದೋಣಿ ಬೀದಿಯ ಬಾಯಿಯ ತನಕ ಬಂತು, ಅಲ್ಲಿಗೇ ನಿಂತುಹೋಯಿತು. ಗೋದಾಮುಗಳಿಂದ ತೇಲಿ ಬಂದ ಸೀರೆಬಟ್ಟೆ ಅದರ ಹಿಂದಿನ ಫ್ಯಾನಿಗೆ ಸುತ್ತಿಕೊಂಡಿತ್ತು. ಗಜಗಟ್ಟಲೆ ಬಟ್ಟೆ. ದೋಣಿಯವ ಚಾಕು ಹಿಡಿದು ಕತ್ತರಿಸುತ್ತಲೇ ಇದ್ದ, ಆ ಹೆಂಗಸು ಕೂಗುತ್ತಲೇ ಇದ್ದಳು. ಕೊನೆಗೆ ಹೆರಿಗೆ ಮಾಡಿಸಿದ್ದು ಮಹಡಿಯಿಂದ ಮಹಡಿಗೆ ಹಲಗೆ ದಾಟಿ ಹೋದ ನಮ್ಮ ಅತ್ತಿಗೆ. ತಾಯಿ, ಮಗು ಉಳಿದರು. ಆದರೆ ಅಣ್ಣನ ತಲೆಯಿಂದ ಆ ದೋಣಿ ಹೋಗಲಿಲ್ಲ. ಜೆಟ್ ಬೋಟಿಗೆ ಹೊರಗೆ ಫ್ಯಾನೇ ಇಲ್ಲ, ಹೊಟ್ಟೆಯ ಕೆಳಗಿಂದ ನೀರು ಹೀರಿ ಹಿಂದಕ್ಕೆ ಉಗಿದು ಓಡುತ್ತದೆ, ಮೊಣಕಾಲು ನೀರಿನಲ್ಲೂ ಹೋಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ಅದೇ ಬೇಕು ಎಂದು ಹಟ ಹಿಡಿದ. ಬೇಸಿಗೆಯಲ್ಲಿ ಜನರನ್ನು ನದಿಯಲ್ಲಿ ಸುತ್ತಾಡಿಸುವುದು, ಮಳೆಗಾಲದಲ್ಲಿ ಬೀದಿಗೆ ಒಂದು ದೋಣಿ ಇರಲಿ ಎಂದು ಇಟ್ಟುಕೊಳ್ಳುವುದು, ಇದು ಅವನ ಲೆಕ್ಕಾಚಾರ.

ಭಾನುವಾರ ಬೆಳಗಿನ ರೈಲಿಗೆ ಸೂರತ್ತಿಗೆ ಹೋದೆ. ಚೀಲದಲ್ಲಿ ಟಾರ್ಚು, ಉದ್ದದ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ತಲೆಯ ಸುತ್ತಿಗೆ, ಬಿಳಿ ಬಟ್ಟೆಯ ಚೂರುಗಳು, ಮತ್ತೆ ಫೀಲರ್ ಗೇಜ್. ಇದು ಬೇರೆ ಬೇರೆ ದಪ್ಪದ, ಎಲೆಯ ಹಾಗೆ ತೆಳ್ಳಗಿನ ಉಕ್ಕಿನ ಪಟ್ಟಿಗಳ ಗೊಂಚಲು. ಎರಡು ಲೋಹಗಳ ನಡುವೆ ಎಷ್ಟು ಸಂದು ಇದೆ ಎಂದು ಪಟ್ಟಿ ತೂರಿಸಿ ನೋಡುವುದು.

"ಎಂತ, ಇದ್ದಕ್ಕಿದ್ದ ಹಾಗೆ?" ಎಂದ ಅಣ್ಣ.

"ದೋಣಿ ನೋಡ್ಲಿಕ್ಕೆ."

ಅವನು ಅಡುಗೆಮನೆಯ ಕಡೆ ತಿರುಗಿ ನೋಡಿದ. ಅತ್ತಿಗೆ ತೆಂಗಿನಕಾಯಿ ತುರಿಯುವುದರಲ್ಲಿ ಮುಳುಗಿದ್ದರು. "ಅಲ್ಲಿ ಎಲ್ಲ ಗಂಡಸರು ಇರ್ತಾರೆ. ಮಾತಾಡಿ ಮುಗಿದ ವ್ಯವಹಾರ. ನೀನು ಬಂದು ಎಂತ ಮಾಡ್ತಿ?"

"ನೋಡ್ತೇನೆ ಅಂದ್ನಲ್ಲ."

"ನೋಡು. ಬಾಯಿ ಹಾಕ್ಬೇಡ."

ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಅದನ್ನು ಒಪ್ಪಿಗೆ ಎಂದುಕೊಂಡಿದ್ದರೆ ಅದು ಅವನ ತಪ್ಪು.

ದೋಣಿ ಇದ್ದದ್ದು ಸೂರತ್ತಿನಲ್ಲೇ, ಕತಾರ್‌ಗಾಮ್‌ನ ಒಂದು ತಗಡಿನ ಶೆಡ್ಡಿನಲ್ಲಿ. ಮಾರುವ ಶೇಠನಿಗೆ ವರಾಛಾದಲ್ಲಿ ವಜ್ರ ಪಾಲಿಶ್ ಮಾಡುವ ಕಾರ್ಖಾನೆ. ಹಡಗು ಒಡೆಯುವ ತೀರದಲ್ಲಿ ಅವನ ಬಂಧುಗಳು ಯಾರೋ ಇದ್ದರಂತೆ. ಯಾವುದೋ ದೊಡ್ಡ ಹಡಗಿನ ಪಕ್ಕದಲ್ಲಿ ತೂಗಿಸಿಟ್ಟಿದ್ದ ರಕ್ಷಣಾ ದೋಣಿಯನ್ನು ಅವರ ಮೂಲಕ ತರಿಸಿಕೊಂಡಿದ್ದ. ಐವತ್ತರ ಆಸುಪಾಸಿನ ಮನುಷ್ಯ, ಬಿಳಿ ಸಫಾರಿ, ನಗುಮುಖ. ಅವನ ಜೊತೆ ಎಂಜಿನ್ ನೋಡಿಕೊಳ್ಳುವ ಒಬ್ಬ ವಯಸ್ಸಾದ ಮಿಸ್ತ್ರಿ.

ದೋಣಿ ಕೆಂಪಗೆ ಹೊಳೆಯುತ್ತಿತ್ತು. ಮದುವೆ ಮನೆಯ ಕಾರಿನ ಹಾಗೆ. ಅಣ್ಣನ ಮುಖ ನೋಡಿದೆ. ಅವನು ಆಗಲೇ ಅದರಲ್ಲಿ ಹತ್ತಿ ಕೂತು ನದಿಯ ಮಧ್ಯ ಹೋಗಿಯಾಗಿತ್ತು.

"ಬೇಸೋ ಬೇನ್, ಚಾ ಪೀವೋ," ಕೂತುಕೊಳ್ಳಿ ತಂಗಿ, ಚಹಾ ಕುಡಿಯಿರಿ ಎಂದು ಶೇಠ್ ನನಗೊಂದು ಕುರ್ಚಿ ಹಾಕಿಸಿದ, ದೋಣಿಯಿಂದ ದೂರದಲ್ಲಿ. ನಾನು ಚಹಾದ ಲೋಟವನ್ನು ಆ ಕುರ್ಚಿಯ ಮೇಲಿಟ್ಟು ದೋಣಿಗೆ ಹತ್ತಿದೆ.

ಮೊದಲು ಎಂಜಿನಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು.

"ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರಾ?" ಎಂದು ಹಿಂದಿಯಲ್ಲಿ ಕೇಳಿದೆ.

"ಇಲ್ಲ ಇಲ್ಲ. ಒಂದು ವಾರ ಆಯ್ತು," ಎಂದ ಶೇಠ್.

ಮಿಸ್ತ್ರಿ ನೆಲ ನೋಡುತ್ತಿದ್ದ. ತಣ್ಣಗಿನ ಎಂಜಿನ್ ತನ್ನ ಕಾಯಿಲೆ ಬಚ್ಚಿಡಲಾರದು. ಒಂದೇ ಸಲಕ್ಕೆ ಹಿಡಿಯುತ್ತದೋ ಇಲ್ಲವೋ, ಹೊಗೆ ಯಾವ ಬಣ್ಣದ್ದು, ಎಲ್ಲ ಮೊದಲ ಒಂದೆರಡು ನಿಮಿಷದಲ್ಲೇ ಗೊತ್ತಾಗುವುದು. ಕೊಳ್ಳುವವರು ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟರೆ ಎಂಥ ಮುದಿ ಎಂಜಿನ್ನೂ ಹುಡುಗನ ಹಾಗೆ ಎದ್ದು ನಿಲ್ಲುತ್ತದೆ. "ಒಂದು ವಾರದಿಂದ ನಿಂತ ಎಂಜಿನ್ ಬಿಸಿಯಾಗಿ ಇರ್ತದಾ?" ಎಂದು ಕೇಳಿದೆ. ಶೇಠ್ ನಕ್ಕ. "ಸೂರತ್ತಿನ ಬಿಸಿಲು, ಬೇನ್."

ಶೆಡ್ಡಿನ ಒಳಗೆ ಬಿಸಿಲೇ ಇರಲಿಲ್ಲ.

ಆಯಿಲ್ ನೋಡುವ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದೆ. ಆಯಿಲ್ ಕಪ್ಪಾಗಿತ್ತು, ಪರವಾಗಿಲ್ಲ; ಹಾಲು ಬೆರೆಸಿದ ಚಹಾದ ಹಾಗೆ ಇದ್ದಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಆಮೇಲೆ ಜೆಟ್ಟಿನ ಬೇರಿಂಗ್ ಇರುವ ಭಾಗದ ಆಯಿಲ್ ನೋಡಿದೆ. ಅದು ಚಹಾದ ಬಣ್ಣಕ್ಕೇ ಇತ್ತು. ನೀರು ತಡೆಯುವ ಸೀಲ್ ಹೋಗಿತ್ತು. ಬಟ್ಟೆಯನ್ನು ಅಣ್ಣನಿಗೆ ತೋರಿಸಿದೆ. ಅವನು ಕಣ್ಣಲ್ಲೇ ಸಾಕು ಎಂದ.

ನಾನು ಇಳಿದು ದೋಣಿಯ ಹೊರಮೈಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋದೆ. ಗಟ್ಟಿ ಫೈಬರ್ ಟಣ್ ಟಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ, ನೀರು ಕುಡಿದಿದ್ದರೆ, ಒದ್ದೆ ಹಲಗೆಯ ಹಾಗೆ ಧಬ್ ಎನ್ನುತ್ತದೆ. ಎಡಗಡೆ ಎಲ್ಲ ಟಣ್ ಎಂದಿತು. ಬಲಗಡೆ ಹಿಂಬದಿಗೆ ಬರುವಾಗ ದನಿ ಸತ್ತುಹೋಯಿತು. ಒಂದು ಮೊಳ ಉದ್ದಕ್ಕೆ ಧಬ್, ಧಬ್. ನನಗೆ ಮಾತ್ರವಲ್ಲ, ಅಲ್ಲಿದ್ದ ನಾಲ್ವರಿಗೂ ಕೇಳಿಸಿತು.

"ಏನು ಬೇನ್, ಕಲ್ಲಂಗಡಿ ತೆಗೊಳ್ತಿದ್ದೀರಾ?" ಎಂದ ಶೇಠ್. ಅಣ್ಣ ನಕ್ಕ. ಅವನು ನಕ್ಕದ್ದು ನನಗೆ ಚುಚ್ಚಿತು. ಒಂದು ಗೋಣಿಚೀಲ ಕೇಳಿ ಪಡೆದು ನೆಲಕ್ಕೆ ಹಾಸಿ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ದೋಣಿಯ ಕೆಳಗೆ ಅಂಗಾತ ಮಲಗಿದೆ.

ಹೊಟ್ಟೆಯ ಕೆಳಗೆ ನೀರು ಹೀರುವ ಬಾಯಿ ಇತ್ತು, ಅದಕ್ಕೆ ಕಬ್ಬಿಣದ ಜಾಲರಿ. ಎರಡು ಸರಳು ಬಾಗಿದ್ದವು. ಕಲ್ಲಿನ ಮೇಲೆ ಹತ್ತಿಸಿದ್ದರೆಂದು ಅರ್ಥ. ಜಾಲರಿಯ ಸುತ್ತ ಬಣ್ಣ ಬೇರೆ ಕಡೆಗಿಂತ ದಪ್ಪ. ಉಗುರಿನಲ್ಲಿ ಕೆರೆದೆ. ಬಣ್ಣದ ಅಡಿಯಲ್ಲಿ ಬಿರುಕಿಗೆ ಮೆತ್ತುವ ಪುಟ್ಟಿ ಇತ್ತು, ಪುಟ್ಟಿಯ ಅಡಿಯಲ್ಲಿ ಕೂದಲೆಳೆಯ ಬಿರುಕು ಉದ್ದಕ್ಕೆ ಓಡಿತ್ತು.

"ಜಾಲರಿ ಬಿಚ್ಚಿ," ಎಂದು ಮಿಸ್ತ್ರಿಗೆ ಹೇಳಿದೆ. ಅವನು ಶೇಠನ ಮುಖ ನೋಡಿದ. "ಬಿಚ್ಚದಿದ್ರೆ ನಾವು ಹೊರಟೆವು," ಎಂದೆ, ಮಲಗಿದಲ್ಲಿಂದಲೇ. ಮಿಸ್ತ್ರಿ ಸ್ಪ್ಯಾನರ್ ತಂದ.

ಒಳಗೆ ಇಂಪೆಲ್ಲರ್. ಜೆಟ್ ಬೋಟಿನ ಜೀವವೇ ಅದು. ಒಂದು ಉಂಗುರದ ಒಳಗೆ ತಿರುಗುವ ದಪ್ಪ ರೆಕ್ಕೆಗಳು. ರೆಕ್ಕೆಯ ತುದಿಗೂ ಉಂಗುರಕ್ಕೂ ನಡುವೆ ಕೂದಲಷ್ಟೇ ಸಂದು ಇರಬೇಕು. ಹೆಚ್ಚಾದರೆ ಹೀರಿದ ನೀರು ಅಲ್ಲೇ ಹಿಂದಕ್ಕೆ ಜಾರುತ್ತದೆ, ಎಂಜಿನ್ ಎಷ್ಟು ಅರಚಿಕೊಂಡರೂ ದೋಣಿ ಓಡುವುದಿಲ್ಲ. ಕೆಳಗಡೆ ಒಂದು ತೆಳು ಪಟ್ಟಿಯೂ ಹೋಗಲಿಲ್ಲ. ಮೇಲ್ಗಡೆ ಮೂರು ಪಟ್ಟಿ ಒಟ್ಟಿಗೆ ಹೋದವು. ಅಂದರೆ ಉಂಗುರ ಸವೆದದ್ದು ಮಾತ್ರವಲ್ಲ, ಬೇರಿಂಗ್ ಹೋಗಿ ಇಡೀ ಶಾಫ್ಟೇ ಒಂದು ಕಡೆಗೆ ಸರಿದಿತ್ತು.

ನಾನು ಹೊರಗೆ ಬರದೇ ಇದ್ದದ್ದು ನೋಡಿ ಶೇಠ್ ಬಗ್ಗಿದ. ವಜ್ರ ನೋಡುವ ಸಣ್ಣ ಭೂತಗನ್ನಡಿಯನ್ನು ಕಿಸೆಯಿಂದ ತೆಗೆದು, "ಹೀರಾ ನೋಡಿದ ಹಾಗೆ ನೋಡ್ತಿದ್ದೀರಲ್ಲ ಬೇನ್, ಇದೂ ಇರಲಿ," ಎಂದು ಚಾಚಿದ. ತಮಾಷೆಗೆ ಕೊಟ್ಟದ್ದು. ನಾನು ನಿಜಕ್ಕೂ ತೆಗೆದುಕೊಂಡೆ. ಟಾರ್ಚು ಹಿಡಿದು, ಕಣ್ಣಿಗೆ ಗಾಜು ಒತ್ತಿ ರೆಕ್ಕೆಯ ಅಂಚು ನೋಡಿದೆ. ಇರುವೆ ತಿಂದ ಬೆಲ್ಲದ ಹಾಗೆ ತೂತು ತೂತು.

"ಈಗ ನೀವು ನೋಡಿ," ಎಂದೆ.

"ನಾನಾ?"

"ದಾಗ್ ಇದ್ದದ್ದು ನಿಮಗೆ ಗೊತ್ತಾಗದಿದ್ರೆ ಇನ್ಯಾರಿಗೆ ಗೊತ್ತಾಗ್ತದೆ?"

ಅಷ್ಟು ಹೇಳಿದ ಮೇಲೆ ಅವನಿಗೂ ಬಿಡಲಾಗಲಿಲ್ಲ. ಬಿಳಿ ಸಫಾರಿಯಲ್ಲೇ ಗೋಣಿಯ ಮೇಲೆ ಒರಗಿ ನೋಡಿದ. ಆ ಮನುಷ್ಯನ ಜೀವನವೇ ಕಲ್ಲಿನ ಕಲೆ ಹುಡುಕುವುದರಲ್ಲಿ ಕಳೆದಿತ್ತು. ನೋಡಿದ್ದನ್ನು ಕಂಡಿಲ್ಲ ಎಂದುಕೊಳ್ಳಲು ಅವನ ಕಣ್ಣು ಒಪ್ಪಲಿಲ್ಲ. ಎದ್ದು ಮಣ್ಣು ಕೊಡವಿಕೊಂಡ. "ಇದು ಲೋಹ ಬೇನ್. ಹೀರಾ ಅಲ್ಲ."

"ಹೀರಾಕ್ಕೆ ದಾಗ್ ಇದ್ರೆ ಯಾರೂ ಮುಳುಗೋದಿಲ್ಲ," ಎಂದೆ.

ಇನ್ನೊಂದು ಉಳಿದಿತ್ತು. ಜೆಟ್ಟಿನ ಮೇಲೆ, ದೋಣಿಯ ಒಳಗಿನಿಂದ, ಕೈ ಹಾಕುವ ಒಂದು ಮುಚ್ಚಳ ಇರಬೇಕು. ಜೆಟ್ ಬಟ್ಟೆಯನ್ನು ಸುತ್ತಿಕೊಳ್ಳುವುದಿಲ್ಲ ನಿಜ, ಆದರೆ ನುಂಗುತ್ತದೆ. ನುಂಗಿದ್ದನ್ನು ನೀರಿನಲ್ಲಿ ಇದ್ದಲ್ಲೇ ಎಳೆದು ತೆಗೆಯಲು ಆ ಮುಚ್ಚಳ ಬೇಕು. ಇದನ್ನು ಅಣ್ಣನಿಗೆ ಯಾರೂ ಹೇಳಿರಲಿಲ್ಲ. ಮುಚ್ಚಳ ಇರಬೇಕಾದ ಜಾಗಕ್ಕೆ ಫೈಬರ್ ಹಾಕಿ ಮುಚ್ಚಿ, ಮೇಲೆ ಕೆಂಪು ಬಣ್ಣ ಹೊಡೆದಿದ್ದರು.

"ಅಣ್ಣ, ಇದು ಬೇಡ," ಎಂದೆ ಕನ್ನಡದಲ್ಲಿ.

"ಮರ್ಯಾದೆ ತೆಗೀಬೇಡ. ಮಾತು ಕೊಟ್ಟಾಗಿದೆ."

"ನಿನ್ನ ಮಾತಿಗೋಸ್ಕರ ಜನರನ್ನು ಇದರಲ್ಲಿ ಕೂರಿಸ್ತೀಯಾ?"

"ನಿನಗೆ ಎಲ್ಲದರಲ್ಲೂ ತಪ್ಪೇ ಕಾಣ್ತದೆ. ಹಾಗಾಗಿಯೇ ನಿನಗೆ..." ಎಂದು ನಿಲ್ಲಿಸಿದ. ಹಾಗಾಗಿಯೇ ನಿನಗೆ ಮದುವೆ ಆಗಲಿಲ್ಲ ಎಂಬುದು ಆ ಮಾತಿನ ಬಾಲ. ಅದನ್ನು ಅವನು ನುಂಗಿಕೊಂಡ, ನಾನು ನುಂಗಲಿಲ್ಲ. "ಹೌದು, ನನ್ನನ್ನು ನೋಡ್ಲಿಕ್ಕೆ ಬಂದವರನ್ನೆಲ್ಲ ನಾನು ಬೇಡ ಅಂದದ್ದು ಸರಿಯೇ ಆಗಿತ್ತು," ಎಂದೆ.

ಶೇಠನಿಗೆ ನಮ್ಮ ಭಾಷೆ ತಿಳಿಯದಿದ್ದರೂ ಜಗಳ ತಿಳಿಯಿತು. "ನೀರಿಗೆ ಇಳಿಸಿ ತೋರಿಸ್ತೇನೆ. ಮುಂದಿನ ಭಾನುವಾರ. ಆಮೇಲೆ ಬೇನ್ ಹೇಳಲಿ," ಎಂದ. ನಾನು ಎರಡು ಷರತ್ತು ಹಾಕಿದೆ: ನಾವು ಬರುವ ತನಕ ಎಂಜಿನ್ ಮುಟ್ಟಬಾರದು; ದೋಣಿಯ ಕಾಗದದಲ್ಲಿ ಬರೆದ ಹಾಗೆ ಎಂಟು ಜನರ ಭಾರ ಇರಬೇಕು. ಖಾಲಿ ದೋಣಿ ಓಡುವುದನ್ನು ನೋಡಿ ಯಾರಿಗೇನು ಪ್ರಯೋಜನ?

ಮುಂದಿನ ಭಾನುವಾರ ತಾಪಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಮೇಲ್ಭಾಗದಲ್ಲಿ, ನೀರು ನಿಂತು ಕೆರೆಯ ಹಾಗಾಗಿದ್ದ ಕಡೆ ದೋಣಿ ಇಳಿಸಿದರು. ಎಂಜಿನ್ ತಣ್ಣಗಿತ್ತು. ಆರು ಸಲ ಕೆಮ್ಮಿ, ಏಳನೆಯ ಸಲಕ್ಕೆ ನೀಲಿ ಹೊಗೆ ಉಗುಳಿ ಎದ್ದಿತು. ನಾನು, ಅಣ್ಣ, ಶೇಠ್, ಸ್ಟಿಯರಿಂಗ್ ಹಿಡಿದ ಮಿಸ್ತ್ರಿ. ಉಳಿದ ಭಾರಕ್ಕೆ ಮರಳಿನ ಚೀಲಗಳು.

ನದಿಯ ಮಧ್ಯ ಹೋಗಿ ಮಿಸ್ತ್ರಿ ಪೂರ್ತಿ ರೇಸ್ ಕೊಟ್ಟ. ಎಂಜಿನ್ ಕಿವಿ ಕಿತ್ತುಹೋಗುವಷ್ಟು ಕೂಗಿತು. ದೋಣಿ ಮೂತಿ ಎತ್ತಿಕೊಂಡು ಅಲ್ಲಲ್ಲೇ ಏದುಸಿರು ಬಿಟ್ಟಿತೇ ಹೊರತು ನೀರಿನ ಮೇಲೆ ಏಳಲಿಲ್ಲ. "ಭಾರ ಜಾಸ್ತಿ ಆಯ್ತು," ಎಂದ ಶೇಠ್. "ಹಾಗಾದ್ರೆ ನಿಮ್ಮ ಕಾಗದದಲ್ಲಿ ಎಂಟು ಜನ ಅಂತ ಯಾಕೆ ಉಂಟು?" ಎಂದೆ.

ತಿರುಗಿಸಿಕೊಂಡು ಬರುವಾಗ ಅದು ನಡೆಯಿತು. ಎದುರಿಗೆ ಒಂದು ಸಣ್ಣ ಮರದ ದೋಣಿ, ಅದರಲ್ಲಿ ಗಂಡ ಹೆಂಡತಿ ಬಲೆ ಎಳೆಯುತ್ತಿದ್ದರು. ಶೇಠ್ "ಬಂದ್ ಕರೋ, ಬಂದ್ ಕರೋ!" ಎಂದು ಕೂಗಿದ. ಮಿಸ್ತ್ರಿ ಗಾಬರಿಯಲ್ಲಿ ರೇಸ್ ಪೂರ್ತಿ ಇಳಿಸಿ ಸ್ಟಿಯರಿಂಗ್ ತಿರುಗಿಸಿದ. ಕಾರಾದರೆ ಅದು ಸರಿ. ಜೆಟ್ ಬೋಟಿಗೆ ಚುಕ್ಕಾಣಿ ಎಂದರೆ ಹಿಂದಿನಿಂದ ಚಿಮ್ಮುವ ನೀರೇ. ರೇಸ್ ಇಳಿಸಿದರೆ ನೀರು ಚಿಮ್ಮುವುದಿಲ್ಲ, ನೀರು ಚಿಮ್ಮದಿದ್ದರೆ ಚುಕ್ಕಾಣಿ ಎಷ್ಟು ತಿರುಗಿಸಿದರೂ ದೋಣಿ ನೇರ ಹೋಗುತ್ತದೆ. ನೇರ ಹೋಯಿತು. ಬಲೆ ಹಿಡಿದಿದ್ದ ಹೆಂಗಸು ಎದ್ದು ನಿಂತದ್ದು, ಅವಳ ಬಾಯಿ ತೆರೆದದ್ದು ನನಗೆ ಕಂಡಿತು. ನಾನು ಮಿಸ್ತ್ರಿಯ ಕೈ ಮೇಲೆಯೇ ನನ್ನ ಕೈ ಒತ್ತಿ ರೇಸಿನ ಹಿಡಿಯನ್ನು ಮುಂದಕ್ಕೆ ತಳ್ಳಿದೆ. ತಿರುಗಿಸಿಟ್ಟಿದ್ದ ಚುಕ್ಕಾಣಿ ಹಿಡಿದುಕೊಂಡಿತು. ದೋಣಿ ಪಕ್ಕಕ್ಕೆ ಒರಗಿ, ಮರಳಿನ ಚೀಲಗಳು ಉರುಳಿ, ನಾವು ಅವರ ದೋಣಿಯಿಂದ ಒಂದು ಕೈಯಳತೆಯಲ್ಲಿ ಹಾದುಹೋದೆವು. ಅವರಿಬ್ಬರೂ ನೀರಿನಲ್ಲಿ ನೆನೆದರು. ಆ ಹೆಂಗಸು ಬೈದ ಬೈಗುಳ ಒಂದೂ ನನಗೆ ಅರ್ಥವಾಗಲಿಲ್ಲ, ಒಂದೂ ಅನ್ಯಾಯದ್ದಾಗಿರಲಿಕ್ಕಿಲ್ಲ.

ದಡಕ್ಕೆ ಬಂದಾಗ ಅಡಿಹಲಗೆ ಎತ್ತಿಸಿದೆ. ಪಾದದ ಗಿಣ್ಣು ಮುಳುಗುವಷ್ಟು ನೀರು ಸೇರಿತ್ತು.

ಶೇಠನ ನಗು ಹೋಗಿತ್ತು. "ನೀರಿಗೆ ಇಳಿಸುವ ದಿನ ಹೆಂಗಸನ್ನು ಹತ್ತಿಸಬಾರದಿತ್ತು. ಅಪಶಕುನ," ಎಂದು ಅಣ್ಣನಿಗೆ ಹೇಳಿದ, ನನಗೆ ಕೇಳಿಸುವ ಹಾಗೆ.

ಅಣ್ಣ ಕಿಸೆಯಿಂದ ಸ್ಕೂಟರಿನ ಕೀ ತೆಗೆದ.

ಸ್ಕೂಟರಿನ ಹಿಂದೆ ಕೂತು ವಾಪಸ್ ಬಂದೆ. ಹೋಟೆಲಿನ ಮುಂದೆ ಇಳಿದು ಅಲ್ಲೇ ಬೀದಿಯಲ್ಲಿ ಕೇಳಿದೆ, "ಅವನು ಹಾಗೆ ಹೇಳಿದಾಗ ನಿನಗೆ ಬಾಯಿ ಇರ್ಲಿಲ್ವಾ?"

"ಎಂತ ಹೇಳ್ಬೇಕಿತ್ತು?"

"ನನ್ನ ತಂಗಿ ಕೈ ಹಾಕದೇ ಇದ್ದಿದ್ರೆ ಇಬ್ರು ಸಾಯ್ತಿದ್ರು ಅಂತ. ಅಷ್ಟೇ. ಬೇರೆ ಎಂತದ್ದೂ ಬೇಡ."

ಗಿರಾಕಿಗಳು ತಿರುಗಿ ನೋಡುತ್ತಿದ್ದರು. ಅವನು ಸ್ಕೂಟರಿನ ಸ್ಟ್ಯಾಂಡ್ ಹಾಕುತ್ತಾ ತಲೆ ಬಗ್ಗಿಸಿಯೇ ಇದ್ದ. ನಾನು ಊಟಕ್ಕೂ ನಿಲ್ಲದೆ ಸ್ಟೇಷನ್ನಿಗೆ ಹೋದೆ. ಅತ್ತಿಗೆ ಹಿಂದಿನಿಂದ ಓಡಿ ಬಂದು ಬುತ್ತಿ ಕೈಗಿಟ್ಟರು.

ಹತ್ತು ದಿನದ ಮೇಲೆ ಫ್ಯಾಕ್ಟರಿಗೆ ಫೋನ್ ಬಂತು. ಏಳು ವರ್ಷದಲ್ಲಿ ಅಣ್ಣ ಅಲ್ಲಿಗೆ ಫೋನ್ ಮಾಡಿದ್ದು ಅದೇ ಮೊದಲು. "ಕೆಂಪು ಬೋಟ್ ಬೇಡ ಅಂತ ಹೇಳಿ ಬಂದೆ," ಎಂದ. ಆಮೇಲೆ, "ಅಹಮದಾಬಾದಿನಲ್ಲಿ ಇನ್ನೊಂದು ಉಂಟಂತೆ. ನಮ್ಮ ಭಾಷೆಯವರದ್ದೇ. ನಿನಗೆ ರಜೆ ಯಾವಾಗ?"

ಕ್ಷಮೆ ಕೇಳುವ ಜಾತಿಯವನಲ್ಲ ಅವನು. ರಜೆ ಯಾವಾಗ ಎಂದು ಕೇಳಿದ್ದನ್ನೇ ನಾನು ಇಟ್ಟುಕೊಂಡೆ.

ಅಹಮದಾಬಾದಿನ ದೋಣಿಯ ಒಡೆಯರು ಧಾರವಾಡದ ಕಡೆಯವರು, ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇದ್ದು ನಿವೃತ್ತರಾದವರು. ಊರಾಚೆ ಕೆರೆಯ ಪಕ್ಕ ಅವರಿಗೊಂದು ಸಣ್ಣ ಜಮೀನಿತ್ತು. ಹಳೆಯ ಜೆಟ್ ಘಟಕವೊಂದನ್ನು ಕೊಂಡು ತಂದು, ಅಲ್ಯೂಮಿನಿಯಂ ತಗಡಿನಲ್ಲಿ ತಾವೇ ದೋಣಿ ಕಟ್ಟಿಸಿದ್ದರು. ಈಗ ಮೊಣಕಾಲು ಕೇಳುವುದಿಲ್ಲ ಎಂದು ಮಾರಲು ಹೊರಟಿದ್ದರು. ಬಣ್ಣವೇ ಇಲ್ಲದ, ಅಲ್ಲಲ್ಲಿ ತಗ್ಗಾದ, ಹಳೆಯ ಹಾಲಿನ ಕ್ಯಾನಿನಂಥ ದೋಣಿ. ಅಣ್ಣನ ಮುಖ ಬಾಡಿತು.

"ಬರ್ರಿ, ಬರ್ರಿ. ಯಾರು ನೋಡವರು?" ಎಂದು ಅವರು ಅಣ್ಣನನ್ನು ಕೇಳಿದರು.

"ಇವಳು," ಎಂದ ಅಣ್ಣ.

ನಾನು ಎರಡು ತಾಸು ನೋಡಿದೆ. ಎಂಜಿನ್ ತಣ್ಣಗಿತ್ತು, ಒಂದೇ ಸಲಕ್ಕೆ ಎದ್ದಿತು. ತಳದ ಬೆಸುಗೆಗಳ ಮೇಲೆ ಬೆರಳು ಓಡಿಸಿದೆ, ಎಲ್ಲೂ ಸೀಳಿರಲಿಲ್ಲ. ರೆಕ್ಕೆಯ ಸುತ್ತ ನಾಲ್ಕೂ ಕಡೆ ಒಂದೇ ಪಟ್ಟಿ ಬಿಗಿಯಾಗಿ ಹೋಯಿತು. ಕೈ ಹಾಕುವ ಮುಚ್ಚಳ ಇತ್ತು, ತಿರುಪು ತಿರುಗಿಸಿದರೆ ಬೆಣ್ಣೆಯ ಹಾಗೆ ಬಿಚ್ಚಿತು. ಹಿಂದಕ್ಕೆ ಹೋಗಲು ಚಿಮ್ಮುವ ನೀರಿಗೆ ಅಡ್ಡ ಇಳಿಸುವ ತಗಡಿನ ಬೋಗುಣಿ ಸಲೀಸಾಗಿ ಏರಿ ಇಳಿಯಿತು. ಯಜಮಾನರು ನಾನು ಮಾಡುವುದನ್ನೆಲ್ಲ ನೋಡುತ್ತಾ, "ಇಷ್ಟ ದಿನ ಬಂದವ್ರೆಲ್ಲ ಇದಕ್ಕ ಯಾವ ಬಣ್ಣ ಹೊಡೀಬೇಕು ಅಂತನ ಕೇಳಿದ್ರು ನೋಡ್ರಿ," ಎಂದು ಸಂತೋಷಪಟ್ಟರು.

ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಶಾಫ್ಟನ್ನು ಕೈಯಲ್ಲಿ ತಿರುಗಿಸುವಾಗ ನನ್ನ ಬೆರಳಿಗೆ ಏನೋ ತಾಗಿತು, ಅಕ್ಕಿಯಲ್ಲಿ ಕಲ್ಲು ಸಿಕ್ಕಿದ ಹಾಗೆ.

"ಹಿಂದಿನ ಬೇರಿಂಗ್ ಹೋಗಿದೆ ಸರ್."

"ಇಲ್ರಿ. ಹೋದ ವರ್ಷನ ಹಾಕಿಸೇನಿ. ನಲವತ್ತು ವರ್ಷ ನಾ ಇದನ್ನ ಮಾಡೇನ್ರಿ, ತಂಗಿ."

"ಇರಬಹುದು ಸರ್. ಆದರೆ ಹೋಗಿದೆ."

ಅಣ್ಣ ಕೆಮ್ಮಿದ. ಒಳ್ಳೆಯವರು, ವಿದ್ಯಾವಂತರು, ನಮ್ಮ ಭಾಷೆಯವರು, ಆಗಲೇ ಅವಲಕ್ಕಿ ತಿನ್ನಿಸಿದವರು. ಸಫಾರಿಯ ಶೇಠನಿಗೆ ಎದುರು ಹೇಳುವುದಕ್ಕಿಂತ ಇವರಿಗೆ ಹೇಳುವುದು ಕಷ್ಟ ಎಂದು ನನಗೆ ಆಗ ತಿಳಿಯಿತು. ಆದರೆ ಬೇರಿಂಗಿಗೆ ಮಾಲೀಕರ ಗುಣ ಗೊತ್ತಿರುವುದಿಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಅವರ ಕಿವಿಗೆ ಒತ್ತಿಕೊಳ್ಳಲು ಹೇಳಿ, ನಾನು ಶಾಫ್ಟ್ ತಿರುಗಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ತಿರುಗಿಸಿ ಎಂದು ಕೈಸನ್ನೆ ಮಾಡಿದರು. ಮೂರನೆಯ ಸಲ ಕಣ್ಣು ತೆರೆದರು.

"ಹೌದ್ರಿ," ಎಂದರು. "ಕರಕರ ಅಂತದ. ನಾ ಕೇಳಿಸಿಕೊಂಡಿದ್ದಿಲ್ಲ."

ಹದಿನೈದು ದಿನದಲ್ಲಿ ಹೊಸ ಬೇರಿಂಗ್ ಹಾಕಿಸಿದರು. ಆಮೇಲೆ ಕೆರೆಯಲ್ಲಿ ಎಂಟು ಜನರ ಭಾರ ಹೇರಿ ಓಡಿಸಿದೆವು. ಹಾಲಿನ ಕ್ಯಾನು ನೀರಿನಿಂದ ಎದ್ದು ಹಾರಿತು. ಅಣ್ಣ ಅಂದೇ ಆಗಲಿ ಎಂದ. ನಾನು ಮೂರು ವಾರಾಂತ್ಯ ಅಲ್ಲಿಗೆ ಹೋಗಿ, ಯಜಮಾನರ ಪಕ್ಕ ಕೂತು ಓಡಿಸುವುದನ್ನು ಕಲಿತೆ. ರೇಸ್ ಬಿಡದೆ ತಿರುಗುವುದು, ನಿಲ್ಲಿಸುವಾಗ ಬೋಗುಣಿ ಇಳಿಸುವುದು. "ಹೆದರಿಕಿ ಆದಾಗ ಕೈ ಹಿಂದಕ್ಕ ಬರ್ತದ. ಅದನ್ನ ಬರಗೊಡಬ್ಯಾಡ್ರಿ," ಎನ್ನುತ್ತಿದ್ದರು.

ಸೂರತ್ತಿಗೆ ತಂದ ಮೇಲೆ ಓಡಿಸುವವರ ಪರವಾನಗಿಯ ಪ್ರಶ್ನೆ ಬಂತು. ಅಣ್ಣ ಗೊತ್ತು ಮಾಡಿದ್ದ ಚಾಲಕ ಒಂದು ವಾರ ಓಡಿಸಿ, ಇದು ದೋಣಿಯಲ್ಲ ದೆವ್ವ ಎಂದು ಬಿಟ್ಟುಹೋದ. ಭಾನುವಾರ ಬಂದು ನಾನೇ ಓಡಿಸುವುದೆಂದು ನನ್ನ ಹೆಸರಿನಲ್ಲಿ ಅರ್ಜಿ ಹಾಕಿದೆ. ಕಚೇರಿಯ ಗುಮಾಸ್ತ ಅರ್ಜಿಯನ್ನು ಎರಡು ಬೆರಳಿನಲ್ಲಿ ಹಿಡಿದು, "ನಿಮ್ಮ ಅಣ್ಣನ ಹೆಸರಲ್ಲಿ ಕೊಡಿ ಬೇನ್. ಓಡಿಸುವವರು ಯಾರಾದರೂ ಆಗಲಿ, ಯಾರು ನೋಡ್ತಾರೆ?" ಎಂದ.

"ಓಡಿಸುವವಳು ನಾನು. ಹೆಸರೂ ನನ್ನದೇ."

ಸಹಿ ಸರಿಯಿಲ್ಲ ಎಂದು ವಾಪಸ್ ಕಳಿಸಿದರು. ಫೋಟೊ ಸರಿಯಿಲ್ಲ ಎಂದು ಕಳಿಸಿದರು. ಹೆಂಗಸರಿಗೆ ಇದುವರೆಗೆ ಕೊಟ್ಟಿಲ್ಲ ಎಂದರು. ಕೊಡಬಾರದು ಎಂದು ಎಲ್ಲಿ ಬರೆದಿದೆ ತೋರಿಸಿ ಎಂದು ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ನನಗೆ ಅದೇನೂ ಹೊಸದಲ್ಲವಲ್ಲ. ಆ ತಿಂಗಳಿನ ನನ್ನ ರಜೆಗಳೆಲ್ಲ ಆ ಬೆಂಚಿಗೇ ಹೋದವು. ಕೊನೆಗೆ ಒಬ್ಬ ಅಧಿಕಾರಿ ಪರೀಕ್ಷೆಗೆಂದು ಬಂದು ದೋಣಿ ಹತ್ತಿದರು. ಇಳಿಯುವಾಗ ಅವರ ಬೆರಳುಗಳು ಕಂಬಿ ಹಿಡಿದು ಬೆಳ್ಳಗಾಗಿದ್ದವು. ಆದರೆ ಸಹಿ ಹಾಕಿದರು.

ಕಾಗದ ಕೈಗೆ ಬಂದ ಭಾನುವಾರ ಹೋಟೆಲಿನ ಮಧ್ಯಾಹ್ನದ ಗಲಾಟೆ ಮುಗಿಯುತ್ತಲೇ ಅತ್ತಿಗೆ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದರು. "ನನ್ನನ್ನು ಕರ್ಕೊಂಡು ಹೋಗು," ಎಂದರು. "ಇಷ್ಟು ವರ್ಷ ಆಯ್ತು ಈ ಊರಿಗೆ ಬಂದು. ನಾನು ಈ ನದಿಯನ್ನು ನೋಡಿದ್ದು ಅದು ಮನೆಯೊಳಗೆ ಬಂದಾಗ ಮಾತ್ರ."

ಅಣ್ಣ, "ನಿನಗ್ಯಾಕೆ ಅದೆಲ್ಲ, ತಲೆ ತಿರುಗ್ತದೆ," ಎಂದ. ಅತ್ತಿಗೆ ಅವನ ಕಡೆ ನೋಡಲೂ ಇಲ್ಲ. ಚಪ್ಪಲಿ ದಡದಲ್ಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ದೋಣಿಗೆ ಹತ್ತಿ ನನ್ನ ಪಕ್ಕದಲ್ಲೇ ಕೂತರು.

ಮೊದಲು ಮೆಲ್ಲಗೆ ಹೋದೆ. ಅತ್ತಿಗೆ ಸೀಟಿನ ಅಂಚು ಗಟ್ಟಿಯಾಗಿ ಹಿಡಿದಿದ್ದರು. ನದಿಯ ಮಧ್ಯಕ್ಕೆ ಬಂದಾಗ ಗಾಳಿಗೆ ಅವರ ಮುಡಿ ಬಿಚ್ಚಿಹೋಯಿತು; ಕಟ್ಟಲು ಹೋಗಲಿಲ್ಲ. ದಡದಲ್ಲಿ ಅಣ್ಣ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದ. ನಿಧಾನ ಎಂದಿರಬೇಕು.

"ಎಂತ ಹೇಳ್ತಿದ್ದಾರೆ?" ಎಂದು ಅತ್ತಿಗೆ ಕೇಳಿದರು.

"ಕೇಳಿಸ್ತಿಲ್ಲ," ಎಂದೆ.

"ನನಗೂ ಕೇಳಿಸ್ತಿಲ್ಲ," ಎಂದರು ಅತ್ತಿಗೆ. "ನೀನು ಇನ್ನೂ ಸ್ವಲ್ಪ ಜೋರು ಬಿಡು."

ನಾನು ರೇಸ್ ಕೊಟ್ಟೆ.